ಏಳು ಕರಟ ಹಿಟ್ಟು

ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ. ಹೊರಗಿನ ಹೊತ್ತನ್ನು ಅರಸೀಕೆರೆ ಸ್ಟೇಷನ್ನಿನ ರೈಲುಗಳು ಕೂಗಿ ಹೇಳುತ್ತಿದ್ದವು. ಒಳಗಿನ ಹೊತ್ತನ್ನು ಅವ್ವ ಎಣಿಸಿ ಹೇಳುತ್ತಿದ್ದಳು. ಪಡಸಾಲೆ ಗುಡಿಸಿ, ಒಲೆ ಸಾರಿಸಿ, ಎಸರಿಗೆ ನೀರಿಟ್ಟ ಮೇಲೆ ಅವಳು ನಡುಮನೆಯ ಪಕ್ಕದ ಕತ್ತಲೆ ಕೋಣೆಗೆ ಹೋಗುತ್ತಿದ್ದಳು. ಅಲ್ಲಿ ರಾಗಿ ಹಿಟ್ಟಿನ ಮಡಕೆ, ಅದರ ಬಾಯಿಗೆ ಬಟ್ಟೆ, ಬಟ್ಟೆಯ ಮೇಲೆ ಒಂದು ತೆಂಗಿನ ಕರಟ. ಅಪ್ಪಯ್ಯನದು ಕೊಬ್ಬರಿ ವ್ಯಾಪಾರ. ಹಿತ್ತಲಲ್ಲಿ ಕರಟದ ಗುಡ್ಡೆಯೇ ಇರುತ್ತಿತ್ತು. ಆದರೆ ಹಿಟ್ಟು ಅಳೆಯುವುದಕ್ಕೆ ಅದೊಂದೇ. ಮದುವೆಯಾಗಿ ಬಂದ ವರ್ಷ ಅವ್ವ ಅದನ್ನು ಗಾಜಿನ ಚೂರಿನಲ್ಲಿ ಹೆರೆದು, ಎಣ್ಣೆ ತಿಕ್ಕಿ ನುಣುಪು ಮಾಡಿದ್ದಳಂತೆ. ಕರ್ರಗೆ ಹೊಳೆಯುತ್ತಿತ್ತು. ಒಂದು ಕರಟ ಹಿಟ್ಟಿಗೆ ಒಂದು ಮುದ್ದೆ; ಒಬ್ಬರಿಗೆ ಒಂದು ಮುದ್ದೆ. ಮನೆಯಲ್ಲಿ ನಾವು ಏಳು ಜನ: ಅಜ್ಜಿ, ಅಪ್ಪಯ್ಯ, ಚಿಕ್ಕಪ್ಪ, ನಾನು, ನನ್ನ ಇಬ್ಬರು ತಮ್ಮಂದಿರು, ಅವ್ವ.

ನಮ್ಮ ಕಡೆ ಅಳೆಯುವಾಗ ಮೊದಲನೆಯದಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಆ ಲಾಭದ ಕರಟ ಮಠದ್ದು. ಕೋಣೆಯ ಮೂಲೆಯಲ್ಲಿ ವಿಭೂತಿಯ ಮೂರು ಗೆರೆ ಎಳೆದ ಗಡಿಗೆಯೊಂದಿತ್ತು, ಅದಕ್ಕೆ ಕಂಚಿನ ಮುಚ್ಚಳ. ದಿನದ ಮೊದಲ ಕರಟ ಹಿಟ್ಟು ಅದಕ್ಕೆ ಬಿದ್ದ ಮೇಲೆಯೇ ಉಳಿದದ್ದು ಮನೆಗೆ. ಸೋಮವಾರ ಬೆಳಿಗ್ಗೆ ಮಠದ ಅಯ್ಯನವರು ಜೋಳಿಗೆ ಹಿಡಿದು ಬಂದಾಗ ವಾರದ ಹಿಟ್ಟನ್ನು ಅದರೊಳಕ್ಕೆ ಸುರಿಯುತ್ತಿದ್ದೆವು. ಆ ಗಡಿಗೆಗೆ ನಾವು ಮಕ್ಕಳು ಕೈ ತಾಗಿಸುವಂತಿರಲಿಲ್ಲ. ಹೀಗೆ ಅವ್ವ ದಿನವೂ ಗಟ್ಟಿಯಾಗಿ ಎಣಿಸುತ್ತಿದ್ದಳು: ಲಾಭ, ಎರಡು, ಮೂರು, ನಾಲ್ಕು, ಐದು, ಆರು, ಏಳು, ಎಂಟು. ಗಟ್ಟಿಯಾಗಿ ಏಕೆಂದರೆ ಪಡಸಾಲೆಯಲ್ಲಿ ಕಂಬಕ್ಕೊರಗಿ ಅಜ್ಜಿ ಕೂತಿರುತ್ತಿದ್ದಳು. ಅವಳ ಎರಡು ಕಣ್ಣಿಗೂ ಪೊರೆ ಬಂದಿತ್ತು. ಕಿವಿ ಮಾತ್ರ ಚುರುಕು. ಮುಚ್ಚಳ ತೆಗೆದ ಸದ್ದು, ಹಾಕಿದ ಸದ್ದು, ಎಣಿಕೆ, ಎಲ್ಲ ಮುಗಿದ ಮೇಲೆ ಅಲ್ಲಿಂದಲೇ ಕೇಳುತ್ತಿದ್ದಳು.

"ಎಂಟೇನಾ?"

"ಎಂಟೇ, ಅತ್ತೆ."

ಅದು ಅನುಮಾನದ ಪ್ರಶ್ನೆಯಲ್ಲ. ಕಣ್ಣು ಹೋದ ಮೇಲೆ ಅಜ್ಜಿ ಮನೆಯನ್ನು ನೋಡುತ್ತಿದ್ದ ರೀತಿ ಅದು. ನನಗೂ ಆ ಎಣಿಕೆ ಕೇಳಿದರೆ ದಿನ ಸರಿಯಾಗಿದೆ ಎನ್ನಿಸುತ್ತಿತ್ತು. ಯಾವುದು ಎಲ್ಲಿರಬೇಕೋ ಅಲ್ಲಿರಬೇಕು, ಯಾವುದು ಎಷ್ಟಾಗಬೇಕೋ ಅಷ್ಟಾಗಬೇಕು ಎಂಬ ನನ್ನ ಹಟ ಆ ಕತ್ತಲೆ ಕೋಣೆಯಿಂದ ಬಂದದ್ದು. ಮನೆಯವರು ಇವತ್ತಿಗೂ ಅದಕ್ಕೆ ನಗುತ್ತಾರೆ. ನಗಲಿ.

ಯುದ್ಧ ಎಲ್ಲೋ ನಡೆಯುತ್ತಿತ್ತು. ನಮಗೆ ಅದು ಕಂಡದ್ದು ರೈಲಿನಲ್ಲಿ. ಸಿಪಾಯಿಗಳು ತುಂಬಿದ ಗಾಡಿಗಳು ಹಗಲೆಲ್ಲ ಹೋಗುತ್ತಿದ್ದವು, ಕೊಬ್ಬರಿ ಮೂಟೆಗೆ ವ್ಯಾಗನ್ ಸಿಗುತ್ತಿರಲಿಲ್ಲ. ಅಪ್ಪಯ್ಯನ ಮೂಟೆಗಳು ಸ್ಟೇಷನ್ನಿನ ಷೆಡ್ಡಿನಲ್ಲಿ ಕೂತು ಎಣ್ಣೆ ಬಿಟ್ಟು ಮುಗ್ಗಿದವು. ಅಂಗಡಿಗಳಲ್ಲಿ ಅಕ್ಕಿ ಹೋಯಿತು. ಆಮೇಲೆ ರಾಗಿಯೂ ಚೀಟಿಗೆ ಇಷ್ಟು ಎಂದಾಯಿತು. ಒಂದು ಸಲ ಚಿಕ್ಕಪ್ಪ ಬೇಲೂರಿನ ತನಕ ಹೋಗಿ ಬರಿಗೈಯಲ್ಲಿ ಬಂದ. ದಾರಿಯ ಚೌಕಿಯಲ್ಲಿ ಚೀಲ ಬಿಚ್ಚಿಸಿ ರಾಗಿ ಇಳಿಸಿಕೊಂಡಿದ್ದರು, ಒಂದು ತಾಲೂಕಿನ ಧಾನ್ಯ ಇನ್ನೊಂದಕ್ಕೆ ಹೋಗುವಂತಿಲ್ಲವೆಂದು. ಖಾಲಿ ಚೀಲ ಮಡಿಸಿ ಹೆಗಲಿಗೆ ಹಾಕಿಕೊಂಡು ಬಂದವನನ್ನು ಅಜ್ಜಿ ಹೆಜ್ಜೆಯ ಸದ್ದಿನಿಂದಲೇ ತಿಳಿದುಕೊಂಡಳು.

"ಹೆಜ್ಜೆ ಹಗುರ ಐತಲ್ಲೋ. ಏನೂ ಸಿಗ್ನಿಲ್ವಾ?"

"ಬೇಲೂರ್ನಾಗೆ ಕಲ್ಲಿನ ಬೊಂಬೆ ಬೇಕಾದಷ್ಟವೆ ಕಣವ್ವ. ಅವು ಉಣ್ಣಾಕಿಲ್ಲ, ನಾವು ಅವನ್ನ ಉಣ್ಣಾಕಾಗಕಿಲ್ಲ."

ನಗು ಬರಲಿಲ್ಲ ಯಾರಿಗೂ. ಅಜ್ಜಿ ಕಂಬವನ್ನು ಸವರುತ್ತ, ಅಡಿಗೆ ಮನೆಯ ಕಡೆ ತಿರುಗಿ ಅವ್ವನನ್ನು ಹೆಸರು ಹಿಡಿದು ಕರೆದಳು.

"ಹಾಲೀ, ನಾಳೆಯಿಂದ ಒಂದು ಕರಟ ಕಮ್ಮಿ ಮಾಡವ್ವ. ಎಲ್ರೂ ವಸಿ ವಸಿ ಬಿಟ್ಕೊಂಡ್ರೆ ಆಯ್ತದೆ."

"ಆಗ್ಲಿ, ಅತ್ತೆ," ಎಂದಳು ಅವ್ವ.

ಮಾರನೆಯ ದಿನ ಎಣಿಕೆ ಏಳಕ್ಕೆ ನಿಂತಿತು. "ಏಳೇನಾ?" "ಏಳೇ, ಅತ್ತೆ." ಎರಡು ದಿನ ಕಿವಿಗೆ ಕೊರೆಯಾಗಿ ಕೇಳಿತು, ಮೂರನೆಯ ದಿನಕ್ಕೆ ಒಗ್ಗಿತು. ಮನೆಯಲ್ಲಿ ಏಳು ಜನ, ಏಳು ಕರಟ. ಇನ್ನೂ ಸರಿಯೇ ಆಯಿತಲ್ಲ ಎಂದು ನಾನು ಒಳಗೊಳಗೇ ಅಂದುಕೊಂಡೆ. ಮೊದಲನೆಯ ಕರಟ ಮಠದ ಗಡಿಗೆಗೆ ಬೀಳುವುದನ್ನು ದಿನವೂ ಕಂಡಿದ್ದ ನನಗೆ, ಉಳಿಯುವುದು ಆರು ಎಂದು ಹೊಳೆಯಲಿಲ್ಲ. ನನಗೊಬ್ಬಳಿಗಲ್ಲ, ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಆ ವರ್ಷ ಮುದ್ದೆ ದಿನಕ್ಕೆ ಒಂದೇ ಹೊತ್ತು, ಹತ್ತು ಗಂಟೆಯ ಊಟಕ್ಕೆ. ಅದನ್ನು ಅವ್ವ ಹೇಗೆ ಮಾಡುತ್ತಿದ್ದಳೆಂದು ಬರೆಯಬೇಕು, ಏಕೆಂದರೆ ಅಷ್ಟು ಕಡಿಮೆಯಲ್ಲಿ ಅಷ್ಟು ತೃಪ್ತಿಯ ಊಟವನ್ನು ನಾನು ಆಮೇಲೆ ಎಲ್ಲೂ ಉಂಡಿಲ್ಲ. ಕೋಣೆಯಲ್ಲಿ ಇದ್ದದ್ದು ರಾಗಿ ಹಿಟ್ಟು, ಅವ್ವನ ತವರಾದ ಹಾರನಹಳ್ಳಿಯಿಂದ ಸುಗ್ಗಿಯಲ್ಲಿ ಬಂದ ಒಂದು ಚೀಲ ಹುರುಳಿ, ಹುಣಸೆಹಣ್ಣಿನ ಉಂಡೆ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಒಂದು ಡಬ್ಬಿ ಹುಚ್ಚೆಳ್ಳು. ಜೊತೆಗೆ ಮಾರಾಟವಾಗದೆ ಉಳಿದ ಕೊಬ್ಬರಿ. ಹಿಂದಿನ ದಿನವೇ ಎರಡು ಹಿಡಿ ಹುರುಳಿ ನೆನೆಹಾಕುತ್ತಿದ್ದಳು. ನೆನೆದರೆ ಎರಡು ಹಿಡಿ ನಾಲ್ಕಾಗುತ್ತದೆ, ಮೊಳಕೆ ಬಂದರೆ ಐದಾಗುತ್ತದೆ ಎಂದು ನನಗೆ ಅಂಗೈಯಲ್ಲಿ ಹಾಕಿ ತೋರಿಸಿದ್ದಳು. ಬೆಳಿಗ್ಗೆ ಅದನ್ನು ಬೇಕಾದ್ದಕ್ಕಿಂತ ಹೆಚ್ಚು ನೀರಿನಲ್ಲಿ ಬೇಯಿಸಿ, ಕಟ್ಟು ಬಸಿದು ಬೇರೆ ಇಡುತ್ತಿದ್ದಳು. ಬೆಂದ ಕಾಳಿನಲ್ಲಿ ಒಂದು ಹಿಡಿ ತೆಗೆದು, ಕೆಂಡದಲ್ಲಿ ಸುಟ್ಟ ಮೆಣಸಿನಕಾಯಿ, ಬೆಳ್ಳುಳ್ಳಿ, ಒಂದು ಚೂರು ಕೊಬ್ಬರಿ ಸೇರಿಸಿ ಒರಳಲ್ಲಿ ನುಣ್ಣಗೆ ತಿರುವಿ ಆ ಕಟ್ಟಿಗೆ ಬೆರೆಸಿದರೆ ಸಾರು. ಉಳಿದ ಕಾಳಿಗೆ ಹುಚ್ಚೆಳ್ಳಿನ ಪುಡಿ ಉದುರಿಸಿದರೆ ಪಲ್ಯ. ಎರಡು ಹಿಡಿ ಹುರುಳಿಯಲ್ಲಿ ತಟ್ಟೆಯ ಮೇಲೆ ಎರಡು ಬಗೆ. ಹುಳಿಯನ್ನು ಎಲ್ಲ ಮುಗಿದ ಮೇಲೆ ಹಿಂಡುತ್ತಿದ್ದಳು, ಕುದಿಸುತ್ತಿರಲಿಲ್ಲ. ಹುಳಿ, ಖಾರ ನಾಲಿಗೆಗೆ ಚೆನ್ನಾಗಿ ಹತ್ತಿದರೆ ಹೊಟ್ಟೆ ಬೇಗ ಒಪ್ಪುತ್ತದೆ ಎನ್ನುತ್ತಿದ್ದಳು. ಒಗ್ಗರಣೆಯ ಎಣ್ಣೆ ಏಳೆಂಟು ಹನಿ. ಅದನ್ನೂ ಉಣ್ಣಲು ಕೂರುವ ಸ್ವಲ್ಪ ಮುಂಚೆ ಹಾಕಬೇಕು, ವಾಸನೆ ಪಡಸಾಲೆಯ ತನಕ ಹೋಗಬೇಕು. ಮುದ್ದೆಗೆ ಎಸರು ಮರಳುವಾಗ ಹಿಟ್ಟನ್ನು ಗುಡ್ಡೆಯಾಗಿ ಹಾಕಿ, ಕೋಲಿನಿಂದ ನಡುವೆ ತೂತು ಮಾಡಿ, ಬೇಯುವ ತನಕ ಕೈಯಾಡಿಸದೆ ಬಿಡಬೇಕು. ಅವಸರ ಮಾಡಿದರೆ ಗಂಟು. ಬೆಂದ ಮೇಲೆ ಗಡಿಗೆಯನ್ನು ಎರಡು ಪಾದಗಳ ನಡುವೆ ಬಿಗಿಹಿಡಿದು ತಿರುವುತ್ತಿದ್ದಳು, ಒದ್ದೆ ಕೈಯಲ್ಲಿ ಮಣೆಯ ಮೇಲೆ ಉರುಳಿಸಿ ಸಾಲಾಗಿ ಇಡುತ್ತಿದ್ದಳು. ಚಿಕ್ಕಪ್ಪ ಆ ಸಾಲನ್ನು ನೋಡಿಯೇ ಸೊಂಟದ ದಾರ ಸಡಿಲ ಮಾಡಿಕೊಳ್ಳುತ್ತಿದ್ದ.

"ಅತ್ತಿಗೆ, ಒಂದು ಕರಟ ಕಮ್ಮಿ ಮಾಡಿದ್ರೂ ಮುದ್ದೆ ವಸೀನೂ ಸಣ್ಣಾಗಿಲ್ವಲ್ಲ. ಏನ್ ಮಾಟ ಮಾಡೀರಿ?"

"ನೀರು ಜಾಸ್ತಿ ಹೊಯ್ತೀನಿ. ಸುಮ್ನೆ ಉಣ್ಣಪ್ಪ, ಆರೋಯ್ತದೆ."

ಅವ್ವ ಎಲ್ಲರಿಗೂ ಬಡಿಸಿ, ಎಲ್ಲರೂ ಎದ್ದ ಮೇಲೆ ಅಡಿಗೆ ಮನೆಯ ಬಾಗಿಲು ಅರ್ಧ ಎಳೆದುಕೊಂಡು ಒಲೆಯ ಮುಂದೆ ಕೂರುತ್ತಿದ್ದಳು. ಹೆಂಗಸು ಉಣ್ಣುವುದನ್ನು ಯಾರೂ ನೋಡಬಾರದು. ಯಾರೂ ನೋಡುತ್ತಿರಲಿಲ್ಲ. ಗಡಿಗೆಯ ತಳಕ್ಕೆ ಹತ್ತಿದ ಸೀಕನ್ನು ಕೆರೆಯುವ ಸದ್ದು ಮಾತ್ರ ಕೇಳುತ್ತಿತ್ತು. ಒಂದು ದಿನ ನಾನು ನೀರು ಕುಡಿಯಲು ಒಳಗೆ ಹೋದೆ. ಅವಳ ಮುಂದೆ ಮುದ್ದೆ ಇರಲಿಲ್ಲ. ಸೀಕಿಗೆ ಬಿಸಿನೀರು, ಉಪ್ಪು ಹಾಕಿ ಕದಡಿ ಕುಡಿಯುತ್ತಿದ್ದಳು.

"ನಿನ್ನ ಮುದ್ದೆ ಎಲ್ಲವ್ವ?"

"ಆಗ್ಲೇ ಉಂಡೆ ಕಣೇ. ಇದು ಮೇಲಕ್ಕೆ. ಗಡಿಗೆ ನೆನೆದ್ರೆ ತೊಳೆಯಾಕೂ ಸಲೀಸು."

ನಂಬಿದೆ. ಹತ್ತು ವರ್ಷದ ನಾನು ತಮ್ಮಂದಿರ ತಟ್ಟೆಯಲ್ಲಿ ಎಷ್ಟು ಕಾಳು ಉಳಿಯಿತೆಂದು ಎಣಿಸಿ ಬೈಯುವವಳು. ಮಣೆಯ ಮೇಲಿನ ಮುದ್ದೆಗಳನ್ನು ಒಂದು ದಿನವೂ ಎಣಿಸಲಿಲ್ಲ. ಆ ಮಳೆಗಾಲ ಕಳೆಯುವ ಹೊತ್ತಿಗೆ ಅವ್ವನ ಬಳೆ ಮೊಣಕೈಯ ತನಕ ಸರಿಯುತ್ತಿದ್ದವು. ಬೀಸುವಾಗ ನಡುನಡುವೆ ಗೂಟ ಬಿಟ್ಟು ಗೋಡೆಗೆ ತಲೆ ಆನಿಸುತ್ತಿದ್ದಳು. ಹಿತ್ತಲಲ್ಲಿ ಬಟ್ಟೆ ಹರವುತ್ತ ಮಾಲೇಕಲ್ಲಿನ ಬೆಟ್ಟದ ಕಡೆ ನೋಡಿಕೊಂಡು ಸುಮ್ಮನೆ ನಿಂತುಬಿಡುತ್ತಿದ್ದಳು, ಕೈಯಲ್ಲಿ ಹಿಂಡಿದ ಬಟ್ಟೆ ಹಾಗೇ ಇರುತ್ತಿತ್ತು. ಕೇಳಿದರೆ, ಬಿಸಿಲು ಕಣೇ, ಎನ್ನುತ್ತಿದ್ದಳು.

ಆಮೇಲೆ ಚಳಿಜ್ವರ ಬಂತು. ಊರಿನಲ್ಲಿ ಆ ಕಾಲಕ್ಕೆ ಎಲ್ಲರಿಗೂ ಬರುತ್ತಿತ್ತು, ನಾಲ್ಕು ದಿನ ಅಲುಗಾಡಿಸಿ ಬಿಡುತ್ತಿತ್ತು. ಅವ್ವನನ್ನು ಬಿಡಲಿಲ್ಲ. ಕತ್ತಲೆ ಕೋಣೆಯ ಎದುರಿಗೆ ನಡುಮನೆಯಲ್ಲಿ ಅವಳಿಗೆ ಚಾಪೆ ಹಾಕಿದೆವು. ಮಾರನೆಯ ದಿನದಿಂದ ಅಡಿಗೆ ನನ್ನದು. ನಿಜ ಹೇಳಬೇಕೆಂದರೆ ಆ ಬೆಳಿಗ್ಗೆ ನನಗೆ ದುಃಖಕ್ಕಿಂತ ಹೆಮ್ಮೆ ಹೆಚ್ಚಾಗಿತ್ತು. ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲು ಗಂಟು ಕಟ್ಟಿ ಕೋಣೆಗೆ ಹೋದೆ. ಅವ್ವನ ರಾಗದಲ್ಲೇ ಎಣಿಸಿದೆ: ಲಾಭ, ಎರಡು, ಮೂರು, ನಾಲ್ಕು, ಐದು, ಆರು, ಏಳು.

"ಏಳೇನಾ?" ಅಜ್ಜಿ ಕೇಳಿದಳು.

"ಏಳೇ, ಅಜ್ಜಿ."

"ಅವಳಂಗೇ ಎಣಿಸ್ತೀಯ ಕಣೇ."

ಮುದ್ದೆ ಗಂಟಾಗಲಿಲ್ಲ. ಅವ್ವ ಮಲಗಿದಲ್ಲಿಂದಲೇ, ಈಗ ಕೋಲು ಹಾಕು, ಈಗ ಉರಿ ತಗ್ಗಿಸು ಎಂದು ಹೇಳಿಕೊಟ್ಟಳು. ಅಜ್ಜಿಗೆ, ಅಪ್ಪಯ್ಯನಿಗೆ, ಚಿಕ್ಕಪ್ಪನಿಗೆ, ತಮ್ಮಂದಿರಿಬ್ಬರಿಗೆ ಬಡಿಸಿದೆ. ಅವ್ವನದನ್ನು ತಟ್ಟೆಯಲ್ಲಿ ಹಾಕಿ ಅವಳ ಪಕ್ಕದಲ್ಲಿಟ್ಟೆ. ಬಂದು ನೋಡಿದರೆ ಮಣೆ ಖಾಲಿ. ನನಗೆ ಇರಲಿಲ್ಲ. ಗಾತ್ರ ತಪ್ಪಿದೆ ಅಂದುಕೊಂಡೆ; ಹೊಸ ಕೈ, ದೊಡ್ಡದು ಮಾಡಿಬಿಟ್ಟಿದ್ದೇನೆ. ಸೀಕು ಕೆರೆದು ನೀರು ಹಾಕಿ ಕುಡಿದೆ. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆಯೊಳಗೆ ಯಾರೋ ಬಟ್ಟೆ ಹಿಂಡಿದ ಹಾಗಾಯಿತು. ಸಂಜೆಯ ನುಚ್ಚಿನ ಗಂಜಿಗೆ ಕಾಯುತ್ತ ನಾಲ್ಕು ಸಲ ಒಲೆಯ ಹತ್ತಿರ ಹೋಗಿ ಬಂದೆ. ಮಾರನೆಯ ದಿನ ಅದೇ ಏಳು ಕರಟ ಎಣಿಸಿ, ಎಚ್ಚರಿಕೆಯಿಂದ ಸಣ್ಣ ಸಣ್ಣದಾಗಿ ಕಟ್ಟಿ ಏಳು ಮುದ್ದೆ ಮಾಡಿದೆ. ಚಿಕ್ಕಪ್ಪ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದ.

"ಇದೇನವ್ವ ನೀಲವ್ವ, ನಿಂಬೆಹಣ್ಣು ಬಡಿಸೀಯ? ಮುದ್ದೆ ಯಾವಾಗ ಬತ್ತದೆ?"

ದೊಡ್ಡ ತಮ್ಮ ಸಿದ್ದ ಕಿಸಕ್ಕನೆ ನಕ್ಕ. ಅಜ್ಜಿ ನಗಲಿಲ್ಲ. ಮುದ್ದೆಯ ಮೇಲೆ ಅಂಗೈ ಇಟ್ಟು ಅಳೆದಳು.

"ನಿಮ್ಮವ್ವ ಕಟ್ಟೋದು ಇಷ್ಟಿರನಿಲ್ಲ. ಕೈ ತುಂಬ ಇರೋದು. ಹಿಟ್ಟು ಎಲ್ಲೋಯ್ತೇ?"

ನಾನು ಕದ್ದಿದ್ದೇನೆಂದು ಅವಳು ಹೇಳಲಿಲ್ಲ, ಆದರೆ ನನಗೆ ಹಾಗೆ ಕೇಳಿಸಿತು. ಪಾತ್ರೆ ತೊಳೆಯುವುದನ್ನೂ ಬಿಟ್ಟು ಕತ್ತಲೆ ಕೋಣೆಗೆ ಹೋಗಿ ಕೂತೆ. ಕರಟ ಕೈಗೆ ತೆಗೆದುಕೊಂಡು, ಹಿಟ್ಟು ಮುಟ್ಟದೆ, ಬರಿದೇ ಅಳೆದೆ. ಲಾಭ, ಮಠದ ಗಡಿಗೆಗೆ. ಎರಡು, ಅಜ್ಜಿಗೆ. ಮೂರು, ಅಪ್ಪಯ್ಯನಿಗೆ. ನಾಲ್ಕು, ಚಿಕ್ಕಪ್ಪನಿಗೆ. ಐದು, ಆರು, ತಮ್ಮಂದಿರಿಗೆ. ಏಳು, ನನಗೆ. ಕರಟ ಅಲ್ಲಿಗೇ ನಿಂತಿತು. ಇನ್ನೊಂದು ಸಲ ಅಳೆದೆ. ಮತ್ತೆ ಅಲ್ಲಿಗೇ ನಿಂತಿತು. ಕೋಣೆಯಿಂದ ಎದ್ದು ಬಂದು ಅವ್ವನ ಚಾಪೆಯ ಅಂಚಿನಲ್ಲಿ ಕೂತೆ. ಅವಳು ಕಣ್ಣು ಬಿಟ್ಟು ನನ್ನ ಕೈಯಲ್ಲಿದ್ದ ಕರಟ ನೋಡಿದಳು.

"ನಿಂದು ಯಾವ್ದವ್ವ ಇದ್ರಾಗೆ?"

ಅವಳು ಕೈ ಚಾಚಿ ಕರಟದ ಅಂಚನ್ನು ಸವರಿದಳು.

"ವರ್ಷದಿಂದ ಆರೇ ಮುದ್ದೆ ಕಟ್ತಿದ್ದಾ?"

"ಮೆಲ್ಲಗೆ ಮಾತಾಡು." ಪಡಸಾಲೆಯ ಕಡೆ ಕಣ್ಣು ಹಾಯಿಸಿದಳು. "ಅಪ್ಪಯ್ಯ ಮೂಟೆ ಎತ್ತೋರು. ನೀವು ಬೆಳೆಯೋ ಮಕ್ಳು. ಅತ್ತೆಗೆ ವಯಸ್ಸಾಗೈತೆ. ಮಠದ್ದು ನಿಲ್ಸಾಕಾಗ್ತದಾ? ನೀನೇ ಹೇಳು, ಯಾರ್ದು ಕಮ್ಮಿ ಮಾಡ್ಲಿ?"

"ಎಲ್ರೂ ವಸಿ ವಸಿ ಬಿಟ್ಕೊಳ್ಳಿ ಅಂತ ಅಜ್ಜಿ ಹೇಳಿರ್ನಿಲ್ವಾ?"

"ತಟ್ಟೆ ನೋಡಿ ಮಕ ಸಣ್ಣ ಮಾಡ್ಕೊಳೋರ ಮುಂದೆ ನಿಂತು ಬಡಿಸಿ ನೋಡು, ಆವಾಗ ತಿಳೀತದೆ."

ಅದು ನನಗೆ ಆ ಬೆಳಿಗ್ಗೆಯೇ ತಿಳಿದಿತ್ತು. ಯಾರಿಗೂ ಹೇಳಬಾರದೆಂದು ಅವ್ವ ನನ್ನ ಕೈಯನ್ನು ತನ್ನ ಕೊರಳಿನ ಲಿಂಗದ ಮೇಲೆ ಇಡಿಸಿಕೊಂಡಳು. ಇಟ್ಟೆ. ಆದರೆ ಹೇಳಬಾರದು ಎಂದದ್ದಷ್ಟೇ, ಮಾಡಬಾರದು ಎಂದಿರಲಿಲ್ಲ. ಮಾರನೆಯ ಬೆಳಿಗ್ಗೆ ಕೋಣೆಯಲ್ಲಿ ಕಂಚಿನ ಮುಚ್ಚಳ ತೆಗೆದೆ, ಲಾಭ ಎಂದು ಗಟ್ಟಿಯಾಗಿ ಹೇಳಿದೆ, ಮುಚ್ಚಳ ಹಾಕಿದೆ, ಕರಟದಲ್ಲಿದ್ದದ್ದನ್ನು ಅಡಿಗೆಯ ಬುಟ್ಟಿಗೆ ಸುರಿದೆ. ಏಳು ಮುದ್ದೆ ಆದವು, ಕೈ ತುಂಬ. ಅಜ್ಜಿ ಸವರಿ ನೋಡಿ, ಈಗ ಕೈ ಕೂಡಿತು, ಎಂದಳು. ಅವ್ವನದನ್ನು ಬಿಸಿಸಾರಿನಲ್ಲಿ ಮೆತ್ತಗೆ ಕಿವುಚಿ, ಸಣ್ಣ ಸಣ್ಣ ತುತ್ತು ಮಾಡಿ ಉಣ್ಣಿಸಿದೆ. "ಇದೆಲ್ಲಿಂದ ಬಂತೇ?" ಎಂದಳು. "ನೀರು ಜಾಸ್ತಿ ಹೊಯ್ದೆ," ಎಂದೆ. ಅವಳಿಗೆ ನಗು ಬಂತು. ತನ್ನದೇ ಸುಳ್ಳನ್ನು ನುಂಗಿದಳು, ಜೊತೆಗೆ ಮುದ್ದೆಯನ್ನೂ. ಐದು ದಿನ ಹೀಗೆ ನಡೆಯಿತು. ಐದನೆಯ ದಿನ ಅವಳು ತಾನಾಗಿ ಎದ್ದು ಕೂತು ನನ್ನ ಜಡೆ ಹಾಕಿದಳು. ಬದುಕಿಕೊಂಡಳು ಎಂದೇ ನಾನು ತಿಳಿದೆ. ಸೋಮವಾರವನ್ನು ಮರೆತಿದ್ದೆ.

ಅಯ್ಯನವರು ತೆಳ್ಳನೆಯ ಮನುಷ್ಯ, ಮಾತು ಕಡಿಮೆ. ಬಾಗಿಲಲ್ಲಿ ನಿಂತು ಜೋಳಿಗೆ ಬಿಚ್ಚಿದರು. ಅವ್ವ ಮಲಗಿದ್ದಳಾದ್ದರಿಂದ ಅಜ್ಜಿಯೇ ಗೋಡೆ ಹಿಡಿದು ಒಳಗೆ ಹೋಗಿ ಗಡಿಗೆ ಎತ್ತಿಕೊಂಡು ಬಂದಳು. ಪಡಸಾಲೆಯ ನಡುವೆ ನಿಂತಳು. ಗಡಿಗೆಯನ್ನು ಒಮ್ಮೆ ಮೇಲೆ ಕೆಳಗೆ ತೂಗಿದಳು. ಮುಚ್ಚಳ ತೆಗೆದು ಒಳಕ್ಕೆ ಕೈ ಹಾಕಿದಳು. ಇದ್ದದ್ದು ಎರಡೇ ದಿನದ ಹಿಟ್ಟು.

"ಯಾರು ತೆಗೆದೋರು?"

ಅಪ್ಪಯ್ಯ ಅಂಗಳದಲ್ಲಿ ಕಾಯಿ ಒಡೆಯುತ್ತಿದ್ದವರು ಕತ್ತಿ ಕೆಳಗಿಟ್ಟರು. ಸಿದ್ದ ಬಾಯಿ ತೆರೆದುಕೊಂಡು ನನ್ನನ್ನೇ ನೋಡಿದ. ಹೇಳದೆ ಇರಬಹುದಿತ್ತು. ಆದರೆ ಲೆಕ್ಕ ತಪ್ಪಿದಾಗ ಸುಮ್ಮನಿರುವುದು ಆಗಲೂ ನನ್ನಿಂದ ಆಗುತ್ತಿರಲಿಲ್ಲ.

"ನಾನು. ಅವ್ವಂಗೆ ಹಾಕಿದೆ."

"ಮಠದ್ದಾ?"

"ಅವ್ವಂದು ಇಲ್ವಲ್ಲಜ್ಜಿ. ಏಳ್ರಾಗೆ ಅವ್ವಂದು ಇಲ್ಲ. ಲಾಭ ಮಠದ್ದು, ಮಿಕ್ಕಿದ್ದು ಆರು. ನಾವೇ ಆರು ಜನ."

ಅಜ್ಜಿಯ ತುಟಿ ಅಲುಗಿತು. ಅವಳು ಎಣಿಸುತ್ತಿದ್ದಳು. ಒಂದೊಂದು ಹೆಸರಿಗೆ ಒಂದೊಂದು ಬೆರಳು ಗಡಿಗೆಯ ಅಂಚಿನ ಮೇಲೆ ಮಡಚಿತು. ಆಗ ಒಳಗಿನಿಂದ ಅವ್ವನ ದನಿ ಬಂತು. ಅಷ್ಟು ಗಟ್ಟಿಯಾಗಿ ಮಾತಾಡಲು ಅವಳಿಗೆ ಎಲ್ಲಿಂದ ಶಕ್ತಿ ಬಂತೋ.

"ಬಿಡಿ ಅತ್ತೆ, ಅದಕ್ಕೆ ಎಣಿಸಾಕೆ ಬರಾಕಿಲ್ಲ. ಕೂಸು ಅದು."

ಆ ಮಾತು ನನಗೆ ಹೊಡೆತಕ್ಕಿಂತ ಹೆಚ್ಚಾಯಿತು. ಎಣಿಸಲು ಬರುವುದಿಲ್ಲವೆಂದು ಅವ್ವ ಹೇಳಿದಳು. ಅವಳೇ ಕಲಿಸಿದವಳು. ಈಗ ಯೋಚಿಸಿದರೆ, ಅವಳು ಕಾಪಾಡಲು ನೋಡುತ್ತಿದ್ದದ್ದು ತನ್ನನ್ನಲ್ಲ, ಅಜ್ಜಿಯನ್ನು. ಅಜ್ಜಿಯ ಬೆರಳು ಆರಕ್ಕೆ ಮುಟ್ಟುವುದು ಅವಳಿಗೆ ಬೇಕಿರಲಿಲ್ಲ. ಅಷ್ಟರಲ್ಲಿ ಮುಟ್ಟಿ ಆಗಿತ್ತು. ಅಜ್ಜಿ ಗಡಿಗೆಯನ್ನು ತಬ್ಬಿಕೊಂಡು ಅಲ್ಲೇ ನೆಲಕ್ಕೆ ಕುಸಿದಳು.

"ದಿನಾ ಕೇಳಿಸ್ಕೊಂಡ್ನಲ್ಲೋ. ಒಂದಿನಾನೂ ಬಿಡದೆ ಕೇಳಿಸ್ಕೊಂಡೆ."

ಅಯ್ಯನವರು ಒಳಗೆ ಬಂದರು. ಬೇರೆ ಮನೆಗಳಲ್ಲಿ ಸಿಕ್ಕಿದ್ದು ಜೋಳಿಗೆಯಲ್ಲಿತ್ತು. ಅದರಿಂದ ಎರಡು ಬೊಗಸೆ ಹಿಟ್ಟು ತೆಗೆದು ಆ ಗಡಿಗೆಗೆ ಹಾಕಿದರು. "ಇದು ಆ ತಾಯಿಗೆ. ಮಠದಿಂದ," ಎಂದರು. ಜೋಳಿಗೆ ಕಟ್ಟಿಕೊಂಡು ಹೊರಟರು. ಅಪ್ಪಯ್ಯ ಅಂಗಳದಿಂದ ಒಳಗೆ ಬರಲಿಲ್ಲ. ಆ ದಿನ ಒಡೆಯಬೇಕಾಗಿದ್ದ ಕಾಯಿಯನ್ನಲ್ಲದೆ ನಾಳೆಯದನ್ನೂ, ನಾಡಿದ್ದಿನದನ್ನೂ ಒಡೆದರು. ಅಂದಿನಿಂದ ಸಾಯುವ ತನಕ ತಟ್ಟೆಯಲ್ಲಿ ಅರ್ಧ ಮುದ್ದೆ ಬಿಟ್ಟು ಏಳುತ್ತಿದ್ದರು. ಯಾರಿಗೆಂದು ಹೇಳುತ್ತಿರಲಿಲ್ಲ.

ಮಾರನೆಯ ದಿನದಿಂದ ಎಂಟು ಕರಟವೆಂದು ಅಜ್ಜಿ ಹೇಳಿದಳು. ಎಂಟು ಎಣಿಸಿದೆ. ಮನೆ ಮಂದಿಗೆಲ್ಲ ಕೇಳುವ ಹಾಗೆ ಎಣಿಸಿದೆ. ಆದರೆ ಅವ್ವನಿಗೆ ಈಗ ತುತ್ತು ಇಳಿಯದಾಯಿತು. ತಟ್ಟೆ ತಂದಿಟ್ಟರೆ, ಇದು ಯಾವ ಕರಟದ್ದು, ಎಂದು ಕೇಳುವಳು. ಎಂಟನೆಯದು ಎಂದರೆ, ಎಣಿಸು ನೋಡಾನ, ಎನ್ನುವಳು. ನಾನು ಚಾಪೆಯ ಪಕ್ಕದಲ್ಲಿ ಕೂತು ಒಬ್ಬೊಬ್ಬರ ಹೆಸರು ಹಿಡಿದು ಎಣಿಸಬೇಕು. ಎಣಿಕೆ ಮುಗಿಯುವ ಹೊತ್ತಿಗೆ ಎರಡು ತುತ್ತು ತಿಂದು ಮುಖ ತಿರುಗಿಸುವಳು. ಅರಿಯದೆ ಮಠದ್ದನ್ನು ಉಂಡೆನಲ್ಲ ಎಂಬುದು ಅವಳ ಗಂಟಲಿಗೆ ಸಿಕ್ಕಿಕೊಂಡಿತ್ತು. ಅಯ್ಯನವರು ಕೊಟ್ಟ ಹಿಟ್ಟಿನ ಅಂಬಲಿಯನ್ನು ಮಾತ್ರ ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ಕುಡಿದಳು. ಅದು ಎರಡು ದಿನಕ್ಕೆ ಮುಗಿಯಿತು. ಆಸ್ಪತ್ರೆಯ ಡಾಕ್ಟರು ಬಂದು, ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿ, ಮೈಯಲ್ಲಿ ರಕ್ತವೇ ಇಲ್ಲವಲ್ಲ, ಏನು ಉಣ್ಣುತ್ತಿದ್ದರು ಇವರು, ಎಂದು ಕೇಳಿದರು. ನಾವು ಆರು ಜನವೂ ಅಲ್ಲೇ ನಿಂತಿದ್ದೆವು.

ಕೊನೆಗೆ ಅಜ್ಜಿಯೇ ತಟ್ಟೆ ಹಿಡಿದಳು. ಅತ್ತೆ ಸೊಸೆಗೆ ಉಣ್ಣಿಸುವುದನ್ನು ನಮ್ಮ ಬೀದಿಯಲ್ಲಿ ಯಾರೂ ನೋಡಿರಲಿಲ್ಲ. ಗೋಡೆ ಸವರಿಕೊಂಡು ಬಂದು, ಅವ್ವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಲಗೈಯಲ್ಲಿ ತುತ್ತು ಬಾಯಿಗಿಟ್ಟು, ಎಡಗೈಯನ್ನು ಅವಳ ಗಂಟಲಿನ ಮೇಲೆ ಇಡುತ್ತಿದ್ದಳು.

"ನುಂಗು ಹಾಲಿ. ನಂಗೆ ಕಣ್ಣು ಕಾಣಾಕಿಲ್ಲ. ಕಿವೀನ ನಂಬಿ ಕೆಟ್ಟೆ. ಕೈಗಾದ್ರೂ ಗೊತ್ತಾಗ್ಲಿ."

"ಉಂಡೆ ಅತ್ತೆ."

"ಸುಳ್ಳು. ಇನ್ನೂ ಬಾಯಾಗೈತೆ. ನುಂಗು."

ಹನ್ನೆರಡು ದಿನ ಎಂಟು ಕರಟ ಎಣಿಸಿದೆ. ಹನ್ನೆರಡನೆಯ ದಿನ, ಮಧ್ಯಾಹ್ನದ ರೈಲು ಕೂಗಿ ಹೋದ ಸ್ವಲ್ಪ ಹೊತ್ತಿಗೆ, ಅಜ್ಜಿಯ ಕೈಯ ಕೆಳಗೆ ಆ ಗಂಟಲು ನಿಂತಿತು. ಅಜ್ಜಿ ಬಹಳ ಹೊತ್ತು ಕೈ ತೆಗೆಯಲಿಲ್ಲ. ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ವಿಭೂತಿ ಧರಿಸಿ, ಪಡಸಾಲೆಯ ಗೋಡೆಗೆ ಒರಗಿಸಿ, ಕೈಯಲ್ಲಿ ಲಿಂಗ ಇಟ್ಟು ಕೂರಿಸಿದರು. ಬಂದವರೆಲ್ಲ ಅವಳ ಮುಂದೆ ಅಡ್ಡಬಿದ್ದರು. ಅವ್ವ ಪಡಸಾಲೆಯಲ್ಲಿ ಕೂತದ್ದನ್ನು, ನಾಲ್ಕು ಜನ ಅವಳಿಗೆ ಮುಖ ಮಾಡಿ ಕೂತದ್ದನ್ನು, ನಾನು ಅಂದೇ ಮೊದಲು ನೋಡಿದ್ದು.

ಮುಂದೆ ನಾನು ಓದಿ, ಹಾಸನದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲೊಂದನ್ನು ಬಹಳ ವರ್ಷ ನೋಡಿಕೊಂಡೆ. ಗಂಟೆಗೆ ಸರಿಯಾಗಿ ಏಳಬೇಕು, ಗಂಟೆಗೆ ಸರಿಯಾಗಿ ಉಣ್ಣಬೇಕು, ತಟ್ಟೆಯಲ್ಲಿ ಬಿಡಬಾರದು. ಹುಡುಗಿಯರು ನನ್ನನ್ನು ಮಿಲಿಟರಿ ಅಮ್ಮ ಎನ್ನುತ್ತಿದ್ದರು. ನನಗೆ ಗೊತ್ತಿತ್ತು. ನನ್ನ ನಿಯಮಗಳಲ್ಲಿ ಅವರಿಗೆ ಅರ್ಥವಾಗದೆ ಉಳಿದದ್ದು ಒಂದೇ: ಅಡಿಗೆಯವರು ಮೊದಲನೆಯ ಪಂಕ್ತಿಯಲ್ಲಿ, ಎಲ್ಲರ ಕಣ್ಣೆದುರಿಗೆ ಕೂತು ಉಣ್ಣಬೇಕು, ಅವರು ಎದ್ದ ಮೇಲೆ ಹುಡುಗಿಯರು. ಅಡಿಗೆಯ ಹೆಂಗಸರು ನಾಚಿ ಗೋಡೆಯ ಕಡೆ ತಿರುಗಿ ಕೂರುತ್ತಿದ್ದರು. ಈ ಕಡೆ ತಿರುಗಿ ಎಂದು ನಾನು ಗದರುತ್ತಿದ್ದೆ. ಹುರುಳಿಯನ್ನು ಅವ್ವನ ಹಾಗೆಯೇ ಮಾಡಿಸುತ್ತಿದ್ದೆ, ಹುಳಿಯನ್ನು ಕೊನೆಗೆ ಹಿಂಡಿಸುತ್ತಿದ್ದೆ. ಬಡ ಮನೆಗಳಿಂದ ಬಂದ ಮಕ್ಕಳು ಬೆರಳು ನೆಕ್ಕಿ ಉಂಡು ಎದ್ದಾಗ ಸಂತೋಷವಾಗುತ್ತಿತ್ತು. ಆದರೆ ಬೆರಳು ನೆಕ್ಕಿ ಎದ್ದ ಆರು ಜನರಲ್ಲಿ ನಾನೂ ಒಬ್ಬಳಾಗಿದ್ದೆ ಎಂಬುದು ಆ ಸಂತೋಷದ ಪಕ್ಕದಲ್ಲೇ ಕೂತಿರುತ್ತಿತ್ತು.

ಹೇಳಲು ಉಳಿದದ್ದು ಒಂದು ಬೆಳಿಗ್ಗೆಯದು. ಅವ್ವನನ್ನು ಮಣ್ಣು ಮಾಡಿ, ನೆಂಟರು ತಂದುಕೊಟ್ಟ ಊಟದ ದಿನಗಳು ಕಳೆದು, ಮನೆಯ ಒಲೆ ಮತ್ತೆ ಹೊತ್ತಿದ ದಿನ. ಎಸರಿಗೆ ನೀರಿಟ್ಟು ಕತ್ತಲೆ ಕೋಣೆಗೆ ಹೋದೆ. ಕಂಚಿನ ಮುಚ್ಚಳ ತೆಗೆದೆ. ಲಾಭ. ಮುಚ್ಚಳ ಹಾಕಿದೆ. ಎರಡು, ಮೂರು, ನಾಲ್ಕು, ಐದು, ಆರು, ಏಳು. ಎಂಟಕ್ಕೆ ಕರಟ ತುಂಬಿ ಎತ್ತಿದವಳು ಹಾಗೇ ನಿಂತೆ. ಮಠದ್ದೊಂದು, ನಾವು ಆರು ಜನ. ಕರಟದ ಹಿಟ್ಟನ್ನು ಮತ್ತೆ ಮಡಕೆಗೆ ಸುರಿದೆ, ಸದ್ದಾಗದ ಹಾಗೆ, ಅಂಚಿಗೆ ಸವರಿಕೊಂಡು. ಅಜ್ಜಿ ಕಂಬಕ್ಕೊರಗಿ ಕಾಯುತ್ತಿದ್ದಳು. ಬೆರಳು ಮಡಚಿ ಎಣಿಸಿಕೊಂಡಳು. ಆಮೇಲೆ ಕೇಳಿದಳು.

"ಏಳೇನಾ?"

"ಏಳೇ, ಅಜ್ಜಿ."

ಎಂಟು ಎಣಿಸಿದ ಆ ಹನ್ನೆರಡು ದಿನ ಬಿಟ್ಟರೆ, ಅವ್ವ ಬದುಕಿದ್ದ ಕೊನೆಯ ವರ್ಷ ನಮ್ಮ ಮನೆಯಲ್ಲಿ ಖರ್ಚಾದದ್ದು ದಿನಕ್ಕೆ ಏಳು ಕರಟ. ಅವಳು ಹೋದ ಮೇಲೆಯೂ ಏಳು. ಅವಳ ಪಾಲಿನದೆಂದು ಒಂದು ಹಿಡಿಯೂ ಉಳಿಯಲಿಲ್ಲ.